ಮಳೆ ತೊಳೆಯದ ಲೋಳೆ: ಮಲೆನಾಡಿನಲ್ಲಿ ಸೈ-ಫೈ ಹಾರರ್ ಸಿನಿಮಾ ಕಟ್ಟುವ ಬಗೆ

ಜೆಲಾಟಿನ್‌ನಲ್ಲಿ ಮಾಡಿದ ಜೀವಿ ಆಗುಂಬೆಯ ಮಳೆಗಾಲದಲ್ಲಿ ಮೂರು ದಿನ ಬಾಳುವುದಿಲ್ಲ. ಮೊದಲ ದಿನ ಬೆವರುತ್ತದೆ, ಎರಡನೇ ದಿನ ಜೋಲುತ್ತದೆ, ಮೂರನೇ ದಿನ ಬೂಸ್ಟು ಹಿಡಿಯುತ್ತದೆ. ಗಾಳಿಯಲ್ಲಿರುವ ನೀರನ್ನೆಲ್ಲ ಹೀರಿಕೊಳ್ಳುವುದು ಜೆಲಾಟಿನ್‌ನ ಗುಣ, ಮತ್ತು ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಒಣ ಊರುಗಳ ಸ್ಟುಡಿಯೋಗಳಲ್ಲಿ ಹುಟ್ಟಿದ ಪಾಠಗಳನ್ನು ಇಲ್ಲಿಗೆ ತರುವಾಗ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಬೇಕು: ಇದು ಒದ್ದೆಯಾದರೆ ಏನಾಗುತ್ತದೆ? ಕಥೆ, ಜೀವಿಯ ಚರ್ಮ, ಬೆಳಕು, ಶಬ್ದ, ಊಟದ ಪಾತ್ರೆ, ಎಲ್ಲಕ್ಕೂ ಇದೇ ಪ್ರಶ್ನೆ. ಕೆಳಗಿನದ್ದು ಹತ್ತರಿಂದ ಹದಿನೈದು ಜನರ ತಂಡ ಸಣ್ಣ ಬಜೆಟ್ಟಿನಲ್ಲಿ ಮಾಡಬಹುದಾದ ಕೆಲಸ.

ಮೊದಲು ಪಂಚಾಂಗ

ಕಥೆ ಬರೆಯುವ ಮುನ್ನ ತಿಂಗಳು ಗೊತ್ತುಮಾಡಿಕೊಳ್ಳಿ. ಮಳೆ ಬೇಕು ಎಂದು ಪುನರ್ವಸು, ಪುಷ್ಯ ಮಳೆಯಲ್ಲಿ, ಅಂದರೆ ಜುಲೈ ತಿಂಗಳಲ್ಲಿ, ಚಿತ್ರೀಕರಣ ಇಟ್ಟುಕೊಂಡವರಿಗೆ ಮಳೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಮರ ಬಿದ್ದು ರಸ್ತೆ ಮುಚ್ಚುತ್ತದೆ, ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಹಳ್ಳದ ಮೇಲಿನ ಕಾಲುಸೇತುವೆ, ಅಂದರೆ ಸಂಕ, ದಾಟಲಾಗುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಇನ್ನೊಂದು ತೊಂದರೆ. ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗವನ್ನು ಹರಡುವ ಉಣುಗುಗಳು ಒಣಗಿದ ತರಗೆಲೆಯಲ್ಲಿ ಕಾದು ಕೂತಿರುತ್ತವೆ. ನಟರನ್ನು ತರಗೆಲೆಯ ಮೇಲೆ ಹೊರಳಾಡಿಸುವ ದೃಶ್ಯ ಆ ತಿಂಗಳುಗಳಲ್ಲಿ ಬೇಡವೇ ಬೇಡ.

ಉಳಿಯುವುದು ಹಸ್ತ, ಚಿತ್ತೆ ಮಳೆಯ ನಡುವಿನ ಕಾಲ: ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರ. ಹಳ್ಳಗಳಲ್ಲಿ ನೀರಿದೆ, ಮರಗಳ ಮೇಲೆ ಪಾಚಿ ಹಸಿರಾಗಿದೆ, ಬೆಳಿಗ್ಗೆ ಮಂಜು ಇಳಿಯುತ್ತದೆ, ರಸ್ತೆ ಓಡುತ್ತದೆ. ನವೆಂಬರ್‌ಗೆ ತಳ್ಳಿದರೆ ಅಡಕೆ ಕೊಯ್ಲು ಶುರುವಾಗಿರುತ್ತದೆ. ಆಮೇಲೆ ತೋಟದವರು ನಿಮ್ಮ ಕೈಗೆ ಸಿಗುವುದಿಲ್ಲ, ಆಳು ಅಂತೂ ಸಿಗುವುದೇ ಇಲ್ಲ.

ಹಿಂದಕ್ಕೆ ಎಣಿಸಿದರೆ, ಜೀವಿಯ ಅಚ್ಚು ಮತ್ತು ಚರ್ಮದ ಕೆಲಸ ಜನವರಿಯಿಂದ ಮಾರ್ಚ್ ನಡುವೆ ಮುಗಿದಿರಬೇಕು. ಪ್ಲಾಸ್ಟರ್ ಅಚ್ಚು ಒಣಗಲು ಬಿಸಿಲು ಬೇಕು. ಜೂನ್‌ನಲ್ಲಿ ಹೊಯ್ದ ಅಚ್ಚು ಆಗಸ್ಟ್‌ನಲ್ಲೂ ತಣ್ಣಗೇ ಇರುತ್ತದೆ, ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಮಳೆಗಾಲ ಬರೆಯುವುದಕ್ಕೆ ಮತ್ತು ಶಬ್ದ ಹಿಡಿಯುವುದಕ್ಕೆ ಒಳ್ಳೆಯದು.

ಅನುಮತಿಯ ವಿಷಯ ಚಿಕ್ಕದಾಗಿ ಹೇಳಿಬಿಡೋಣ. ಅರಣ್ಯ ಇಲಾಖೆಯ ಜಾಗದಲ್ಲಿ ಚಿತ್ರೀಕರಣಕ್ಕೆ ಲಿಖಿತ ಅನುಮತಿ, ಶುಲ್ಕ ಎರಡೂ ಬೇಕು. ಶರಾವತಿ ಕಣಿವೆಯಂಥ ಅಭಯಾರಣ್ಯದ ಒಳಗಿನ ಕನಸು ಬಿಡಿ. ಅಡಕೆ ತೋಟ, ಅದರ ಅಂಚಿನ ಹಳ್ಳ, ಹಳೆಯ ಮನೆಯ ಅಟ್ಟ, ಇವೇ ಸಾಕು. ಕಾನಿನಂತೆ, ಅಂದರೆ ದಟ್ಟ ಕಾಡಿನಂತೆ, ಕಾಣುವ ತೋಟದ ಮೂಲೆ ಎಲ್ಲ ಊರಲ್ಲೂ ಒಂದಿರುತ್ತದೆ. ಪರಲೋಕದಂಥ ಜಾಗವೇ ಬೇಕೆಂದರೆ, ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದಾಗ ತಲೆಯೆತ್ತುವ ಮಡೇನೂರು ಅಣೆಕಟ್ಟು ಇದೆ. ಅಷ್ಟು ದೊಡ್ಡ ಸೆಟ್ಟು ಯಾವ ಬಜೆಟ್ಟಿಗೂ ದಕ್ಕುವುದಿಲ್ಲ. ಆ ಒಂದು ದೃಶ್ಯವನ್ನು ಬೇಸಿಗೆಯಲ್ಲೇ, ಬೇರೆಯಾಗಿ, ಅನುಮತಿ ಪಡೆದು ತೆಗೆದುಕೊಳ್ಳಿ.

ಜೀವಿಗೆ ಒಂದು ಪುಟದ ಕಾನೂನು

ಚಿತ್ರಕಥೆಗೆ ಮೊದಲು ಒಂದೇ ಪುಟದಲ್ಲಿ ಜೀವಿಯ ಶಾಸ್ತ್ರ ಬರೆಯಿರಿ. ಏನು ತಿನ್ನುತ್ತದೆ, ಹೇಗೆ ಹರಡುತ್ತದೆ, ಯಾವುದಕ್ಕೆ ಹೆದರುತ್ತದೆ, ಎಷ್ಟು ವೇಗವಾಗಿ ಬೆಳೆಯುತ್ತದೆ. ಈ ಪುಟದಲ್ಲಿ ಇಲ್ಲದ್ದನ್ನು ಜೀವಿ ತೆರೆಯ ಮೇಲೆ ಮಾಡಕೂಡದು. ಹಾರರ್ ಕೆಡುವುದು ಬಹುಪಾಲು ಇಲ್ಲೇ: ಮೊದಲರ್ಧದಲ್ಲಿ ಬೆಳಕಿಗೆ ಹೆದರುವ ಜೀವಿ ಕ್ಲೈಮ್ಯಾಕ್ಸಿನಲ್ಲಿ ಹಗಲಿಗೇ ಓಡಾಡುತ್ತದೆ, ಪ್ರೇಕ್ಷಕ ಆಕಳಿಸುತ್ತಾನೆ.

ಶಾಸ್ತ್ರವನ್ನು ಸುತ್ತಲಿನ ನೆಲದಿಂದಲೇ ತೆಗೆದುಕೊಳ್ಳಿ. ಇರುವೆಯನ್ನು ವಶ ಮಾಡಿಕೊಳ್ಳುವ ಒಫಿಯೋಕಾರ್ಡಿಸೆಪ್ಸ್ ಶಿಲೀಂಧ್ರದ ಕಥೆ ಈಗ ಸವೆದುಹೋಗಿದೆ ನಿಜ. ಆದರೆ 2017ರಲ್ಲಿ ಹೊರಬಂದ ಸಂಶೋಧನೆಯ ಒಂದು ವಿವರವನ್ನು ಇನ್ನೂ ಯಾರೂ ಸರಿಯಾಗಿ ದುಡಿಸಿಕೊಂಡಿಲ್ಲ: ಶಿಲೀಂಧ್ರದ ಎಳೆಗಳು ಇರುವೆಯ ಸ್ನಾಯುಗಳನ್ನು ಸುತ್ತುವರಿಯುತ್ತವೆ, ಮಿದುಳಿನೊಳಗೆ ಹೋಗುವುದಿಲ್ಲ. ಮನುಷ್ಯನಿಗೆ ಇದನ್ನು ಅನ್ವಯಿಸಿ ನೋಡಿ. ಕೈ ತಾನೇ ಏಳುತ್ತಿದೆ, ಬುದ್ಧಿ ಪೂರ್ತಿ ಎಚ್ಚರದಲ್ಲಿ ಅದನ್ನು ನೋಡುತ್ತಿದೆ. ನಟನಿಗೂ ಇದು ಅಭಿನಯಿಸಲು ಹಿಡಿತ ಕೊಡುತ್ತದೆ: ಮುಖದಲ್ಲಿ ಗಾಬರಿ, ದೇಹದಲ್ಲಿ ನಿಧಾನ. ಇನ್ನೊಂದು ಬೀಜ ಕೂದಲು ಹುಳದ್ದು. ಮಿಡತೆಯ ಹೊಟ್ಟೆಯಲ್ಲಿ ಬೆಳೆದು, ಅದನ್ನು ನೀರಿಗೆ ಹಾರುವಂತೆ ಮಾಡಿ, ನೀರಲ್ಲಿ ಹೊರಬರುವ ಹುಳ. ಹಿನ್ನೀರಿನ ಊರಿಗೆ ಇದಕ್ಕಿಂತ ಹೊಂದುವ ಭಯ ಬೇರೆ ಬೇಕೆ?

ಇಲ್ಲಿನ ಪ್ರೇಕ್ಷಕ ಮೊದಲ ಹತ್ತು ನಿಮಿಷದಲ್ಲೇ ಕೇಳುವ ಪ್ರಶ್ನೆ ಒಂದಿದೆ: ‘ಇದು ಚೌಡಿ ಕಾಟ ಅಲ್ವಾ?’ ಕಥೆಯೊಳಗಿನ ಯಾರಾದರೂ ಅದನ್ನು ಕೇಳಲೇಬೇಕು, ಇಲ್ಲದಿದ್ದರೆ ಊರು ಸುಳ್ಳಾಗುತ್ತದೆ. ಆದರೆ ನಿಜವಾದ ಚೌಡಿ ಬನ, ನಾಗಬನಗಳನ್ನು ಹಿನ್ನೆಲೆಯಾಗಿ ಬಳಸಬೇಡಿ. ಎರಡು ಕಲ್ಲು, ಒಂದು ಮರ, ಕುಂಕುಮ ಇದ್ದರೆ ನಿಮ್ಮದೇ ಬನ ಆಗುತ್ತದೆ. ಮಂಗನ ಕಾಯಿಲೆಯನ್ನೂ ನೇರ ಕಥೆಗೆ ಎಳೆಯಬೇಡಿ. ಮನೆಯವರನ್ನು ಕಳೆದುಕೊಂಡ ಜನ ಅದೇ ಊರಲ್ಲಿ ಟಿಕೆಟ್ ತೆಗೆದುಕೊಂಡು ಕೂತಿರುತ್ತಾರೆ.

ಸೆನ್ಸಾರ್ ದರ್ಜೆಯನ್ನೂ ಇದೇ ಹಂತದಲ್ಲಿ ನಿರ್ಧರಿಸಿ. ಈಗ ಯುಎ ಒಳಗೇ 7+, 13+, 16+ ಎಂದು ಮೂರು ಮೆಟ್ಟಿಲುಗಳಿವೆ. ಎಷ್ಟು ರಕ್ತ ಎಂಬುದು ಇದರ ಮೇಲೆ ನಿಂತಿದೆ. ನಿಜವಾದ ನಾಯಿ, ದನ ಚೌಕಟ್ಟಿನೊಳಗೆ ಬರುವುದಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ತೆಗೆದುಕೊಳ್ಳಬೇಕು, ಆಮೇಲೆ ಅಲ್ಲ.

ಚರ್ಮ: ಇಲ್ಲಿ ಆತುರ ಬೇಡ

ಜೀವಿಯ ಚರ್ಮಕ್ಕೆ ನಂಬಬಹುದಾದದ್ದು ಪ್ಲಾಟಿನಂ ಸಿಲಿಕೋನ್, ಅಂದರೆ ಪ್ಲಾಟಿನಂ ನೆರವಿನಿಂದ ಗಟ್ಟಿಯಾಗುವ ಸಿಲಿಕೋನ್ ರಬ್ಬರ್. ಡ್ರ್ಯಾಗನ್ ಸ್ಕಿನ್, ಇಕೋಫ್ಲೆಕ್ಸ್ ಹೆಸರಿನಲ್ಲಿ ಸಿಗುತ್ತದೆ. ಎ ಮತ್ತು ಬಿ ಎರಡು ಡಬ್ಬ, ಸಮ ಪ್ರಮಾಣದಲ್ಲಿ ಬೆರೆಸಬೇಕು. ಇಕೋಫ್ಲೆಕ್ಸ್ 00-30 ಆದರೆ ಬೆರೆಸಿದ ಮೇಲೆ ಸುಮಾರು 45 ನಿಮಿಷ ಕೆಲಸಕ್ಕೆ ಸಿಗುತ್ತದೆ, 4 ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಈ ಲೆಕ್ಕ 23 ಡಿಗ್ರಿಗೆ. ಮಾರ್ಚ್ ಮಧ್ಯಾಹ್ನ ಹಂಚಿನ ಮಾಡಿನ ಕೆಳಗೆ ಬೆರೆಸಿದರೆ ಸಮಯ ಇನ್ನೂ ಕಡಿಮೆ. ಬೆಳಿಗ್ಗೆ ಆರಕ್ಕೆ ಬೆರೆಸಿ, ಡಬ್ಬಗಳನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಡಿ.

ಇದರ ಶತ್ರು ಗಂಧಕ. ಮೈಮೇಲೆ ಗಂಧಕದ ಸುಳಿವು ತಗುಲಿದರೆ ಪ್ಲಾಟಿನಂ ಸಿಲಿಕೋನ್ ಅಲ್ಲಲ್ಲಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ, ಎಷ್ಟು ದಿನ ಕಾದರೂ ಅಷ್ಟೇ. ಗಂಧಕ ಎಲ್ಲೆಲ್ಲಿಂದ ಬರುತ್ತದೆ ನೋಡಿ: ಕೆಲವು ಬಗೆಯ ಶಿಲ್ಪದ ಜೇಡಿ, ಲೇಟೆಕ್ಸ್ ಕೈಗವಸು, ರಬ್ಬರ್ ಬ್ಯಾಂಡ್, ರಬ್ಬರಿನ ಅಚ್ಚು. ತವರದ ನೆರವಿನಿಂದ ಗಟ್ಟಿಯಾಗುವ ಸಿಲಿಕೋನ್‌ನಲ್ಲಿ ಮಾಡಿದ ಅಗ್ಗದ ಅಚ್ಚೂ ಇದೇ ಕೆಲಸ ಮಾಡುತ್ತದೆ. ಆದ್ದರಿಂದ ವಿನೈಲ್ ಕೈಗವಸು, ಗಂಧಕವಿಲ್ಲದ ಜೇಡಿ, ಪ್ಲಾಸ್ಟಿಕ್ ಲೋಟ. ಸಂಶಯವಿದ್ದರೆ ಜೇಡಿಯ ಮೂಲೆಯಲ್ಲಿ ಒಂದು ಚಮಚ ಸಿಲಿಕೋನ್ ಹೊಯ್ದು ರಾತ್ರಿ ಬಿಡಿ. ಬೆಳಿಗ್ಗೆ ಬೆರಳಿಗೆ ಅಂಟಿದರೆ ಆ ಜೇಡಿ ಬೇಡ. ಒಂದು ಚಮಚ ಹೋದರೆ ಹೋಗಲಿ, ಎರಡು ಕಿಲೋ ಉಳಿಯಿತು.

‘ರಬ್ಬರ್ ನಮ್ಮ ತೋಟದಲ್ಲೇ ಇದೆಯಲ್ಲ’ ಎಂದು ತೀರ್ಥಹಳ್ಳಿ, ಹೊಸನಗರ ಕಡೆಯವರು ಕೇಳುವುದು ಸಹಜ. ಮರದಿಂದ ಇಳಿದ ಹಾಲಿನಲ್ಲಿ ರಬ್ಬರ್ ಅಂಶ ಮೂರನೇ ಒಂದು ಪಾಲಿನಷ್ಟೇ; ಅಮೋನಿಯಾ ಹಾಕದಿದ್ದರೆ ಅದೇ ದಿನ ಹೆಪ್ಪುಗಟ್ಟುತ್ತದೆ, ವಲ್ಕನೀಕರಣ, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡುವ ಕೆಲಸ, ಆಗಿಲ್ಲದ ಕಾರಣ ಒಣಗಿದ ಮೇಲೂ ಜಿಗುಟು ಬಿಡುವುದಿಲ್ಲ. ಅಂಗಡಿಯಿಂದ ವಲ್ಕನೀಕರಿಸಿದ, 60 ಶೇಕಡಾ ಸಾಂದ್ರತೆಯ ಲೇಟೆಕ್ಸ್ ತರಿಸಿ. ಅದು ಹಿನ್ನೆಲೆಯಲ್ಲಿ ನಿಲ್ಲುವ ಬಳ್ಳಿ, ಪೊರೆ, ಗೋಡೆಗೆ ಅಂಟಿದ ಗೂಡುಗಳಿಗೆ ಚೆನ್ನ. ಹತ್ತಿ ಬಟ್ಟೆಯ ಮೇಲೆ ತೆಳುವಾಗಿ ಆರೇಳು ಕೋಟು ಕೊಡಬೇಕು, ಪ್ರತಿ ಕೋಟೂ ಪಾರದರ್ಶಕವಾಗುವವರೆಗೆ ಒಣಗಬೇಕು. ಫೆಬ್ರವರಿಯಲ್ಲಿ ಅರ್ಧ ಗಂಟೆಗೆ ಒಣಗುವ ಕೋಟು ಮಳೆ ಹಿಡಿದಾಗ ಅರ್ಧ ದಿನ ತೆಗೆದುಕೊಳ್ಳುತ್ತದೆ. ಮೇಲಿನದು ಒಣಗಿ ಒಳಗೆ ಬೆಳ್ಳಗೆ ಉಳಿದರೆ ಚಿತ್ರೀಕರಣದ ಬಿಸಿ ದೀಪದಲ್ಲಿ ಪದರ ಬಿಚ್ಚುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟ, ಅಡಕೆ ಡ್ರೈಯರ್, ಎರಡೂ ಒಣಗಿಸಲು ಪ್ರಶಸ್ತ. ಆದರೆ ಲೇಟೆಕ್ಸ್ ಒಣಗುತ್ತಿರುವ ಕೋಣೆಗೆ ಹಸಿ ಸಿಲಿಕೋನ್ ತರಬೇಡಿ. ಕಾರಣ ಮೇಲೆ ಹೇಳಿಯಾಯಿತು.

ತೇವದಿಂದ ಲಾಭ ಪಡೆಯುವ ವಸ್ತು ಒಂದೇ ಒಂದಿದೆ: ಸ್ನಾನದಮನೆಯ ಸಂದಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಸೀಲೆಂಟ್. ಅದು ಗಾಳಿಯ ತೇವವನ್ನು ಕುಡಿದೇ ಗಟ್ಟಿಯಾಗುವುದು, ಹಾಗಾಗಿ ಇಲ್ಲಿ ಬೇಗ ಆಗುತ್ತದೆ. ಸೀಲೆಂಟ್ ಮತ್ತು ಮೆಕ್ಕೆಜೋಳದ ಪಿಷ್ಟ, ಅಂದರೆ ಅಂಗಡಿಯ ಕಾರ್ನ್‌ಫ್ಲೋರ್, ಅಳತೆಗೆ ಸಮಸಮ ಕಲಸಿದರೆ ರೊಟ್ಟಿ ಹಿಟ್ಟಿನಂತಾಗುತ್ತದೆ. ಕೆಲವೇ ನಿಮಿಷದಲ್ಲಿ ಬಿಗಿಯುವುದರಿಂದ ಒಮ್ಮೆಗೆ ನಿಂಬೆಹಣ್ಣಿನ ಗಾತ್ರಕ್ಕಿಂತ ಹೆಚ್ಚು ಕಲಸಬೇಡಿ. ಬೆರಳಿನಂಥ ಕುಡಿಗಳು, ಹೀರುಬಾಯಿ, ಹುಣ್ಣುಗಳನ್ನು ಕೈಯಲ್ಲೇ ಮಾಡಬಹುದು. ಬಣ್ಣಕ್ಕೂ ಇದೇ ಸೀಲೆಂಟ್: ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್‌ನಲ್ಲಿ ಮಜ್ಜಿಗೆಯ ಹದಕ್ಕೆ ಕರಗಿಸಿ, ಕಲಾವಿದರ ಎಣ್ಣೆಬಣ್ಣ ಬೆರೆಸಿ, ತೆಳುವಾಗಿ ಹಚ್ಚಿ. ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟು ಬೇರೆ ಬಣ್ಣ ನಿಲ್ಲುವುದಿಲ್ಲ, ಅಕ್ರಿಲಿಕ್ ಹಚ್ಚಿದರೆ ಮೊದಲ ಮಳೆಗೇ ಸಿಪ್ಪೆಯಂತೆ ಏಳುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟು ಮಾಡಿ. ಹಸಿ ಸೀಲೆಂಟನ್ನು ನಟರ ಮೈಗೆ ಯಾವ ಕಾರಣಕ್ಕೂ ಹಚ್ಚಬೇಡಿ, ಚರ್ಮ ಸುಡುತ್ತದೆ.

ಚಿಪ್ಪಿಗೆ ಅಡಕೆ ಹಾಳೆಗಿಂತ ಒಳ್ಳೆಯದು ದುಡ್ಡು ಕೊಟ್ಟರೂ ಸಿಗದು. ಕಲೆ ಬೀಳದ, ದಪ್ಪನೆಯ ಹಾಳೆಯನ್ನು ಬೇಸಿಗೆಯಲ್ಲೇ ಆರಿಸಿಟ್ಟುಕೊಳ್ಳಿ. ಇಪ್ಪತ್ತು ನಿಮಿಷ ನೀರಲ್ಲಿ ನೆನೆಸಿ, ಬೋರಲು ಹಾಕಿದ ಪಾತ್ರೆ ಅಥವಾ ಮಡಕೆಯ ಮೇಲೆ ಬಿಗಿದು ಕಟ್ಟಿ, ಎರಡು ದಿನ ಬಿಸಿಲಿಗಿಟ್ಟರೆ ಆ ಆಕಾರ ಹಿಡಿಯುತ್ತದೆ. ಅದರ ಉದ್ದುದ್ದ ಗೆರೆಗಳು ಯಾವ ಶಿಲ್ಪಿಯೂ ಕೆತ್ತಲಾರದಷ್ಟು ಸಹಜವಾದ ಕೀಟದ ಬೆನ್ನಿನಂತೆ ಕಾಣುತ್ತವೆ. ಎರಡೂ ಬದಿಗೆ, ಮುಖ್ಯವಾಗಿ ಕತ್ತರಿಸಿದ ಅಂಚಿಗೆ, ಪಾಲಿಯುರೆಥೇನ್ ವಾರ್ನಿಷ್ ಮೂರು ಕೋಟು. ಅಂಚು ಬಿಟ್ಟರೆ ನೀರು ಅಲ್ಲಿಂದಲೇ ಹೋಗಿ ಹಾಳೆ ಮತ್ತೆ ತನ್ನ ಹಳೆಯ ಆಕಾರಕ್ಕೆ ಬಿಚ್ಚಿಕೊಳ್ಳುತ್ತದೆ, ಅದೂ ಟೇಕ್ ಮಧ್ಯೆ.

ಒಳಗಿನ ಹಂದರಕ್ಕೆ ಬೆತ್ತ, ಸೀಳಿದ ಬಿದಿರು. ಮೈದುಂಬಲು ಹಾಸಿಗೆಯ ಸ್ಪಂಜು ಬಳಸಿದರೆ ಅದು ಮಳೆ ಕುಡಿದು ನಟನ ಭುಜ ಮುರಿಯುತ್ತದೆ. ಯೋಗ ಚಾಪೆಯಂಥ, ನೀರು ಹೀರದ ಫೋಮ್ ಬಳಸಿ. ಪೂರ್ತಿ ಉಡುಪು ಎಂಟು ಕಿಲೋ ದಾಟಬಾರದು, ಒಳಗಿರುವವರನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಹೊರತೆಗೆಯಬೇಕು. ಬೆರಳು, ದವಡೆ ಆಡಿಸಲು ಸೈಕಲ್ ಬ್ರೇಕಿನ ಕೇಬಲ್ ಸಾಕು. ಬಾಗು ಕಡಿದಾಗಿದ್ದಷ್ಟೂ ಕೇಬಲ್ ಕಚ್ಚಿಕೊಳ್ಳುತ್ತದೆ. ಅಗಲವಾದ ಬಾಗು ಕೊಟ್ಟು, ಒಳತಂತಿಗೆ ಗ್ರೀಸ್ ತುಂಬಿ. ತುಕ್ಕು ಎರಡನೇ ವಾರಕ್ಕೇ ಬರುತ್ತದೆ.

ಮಾತ್ರೆಯಿಂದ ಹಸಿರು, ಸೊಪ್ಪಿನಿಂದ ಕೆಂಪು

ಮಳೆಗಾಲದಲ್ಲಿ ಪಶ್ಚಿಮಘಟ್ಟದ ಕೊಳೆತ ಮರದ ಮೇಲೆ ಬೆಳಗುವ ಅಣಬೆಗಳನ್ನು ಕಂಡವರು ಅದನ್ನೇ ಸಿನಿಮಾಕ್ಕೆ ಹಿಡಿಯಲು ಹೊರಡುತ್ತಾರೆ. ಆಗುವುದಿಲ್ಲ. ಸ್ಥಿರಚಿತ್ರಕ್ಕೇ ಹಲವು ಸೆಕೆಂಡು ಷಟರ್ ತೆರೆದಿಡಬೇಕು, ಸೆಕೆಂಡಿಗೆ 25 ಫ್ರೇಮಿನ ವಿಡಿಯೋಗೆ ಆ ಬೆಳಕು ಸಾಲದು. ನಕಲು ಮಾಡಬೇಕು, ಮತ್ತು ನಕಲು ಮೆಡಿಕಲ್ ಶಾಪಿನಲ್ಲೇ ಇದೆ.

ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ನೇರಳಾತೀತ ಬೆಳಕಿನಲ್ಲಿ ಹಳದಿ ಹಸಿರಾಗಿ ಹೊಳೆಯುತ್ತದೆ. ಹೊಳಪಿನ ಶಿಖರ 525 ನ್ಯಾನೋಮೀಟರ್ ಆಸುಪಾಸು, ಬೆಳಗುವ ಅಣಬೆಗಳ ಬೆಳಕೂ ಹೆಚ್ಚುಕಡಿಮೆ ಅಲ್ಲೇ. ರೈಬೋಫ್ಲೇವಿನ್ 10 ಮಿ.ಗ್ರಾಂ. ಇರುವ ಬಿ-ಕಾಂಪ್ಲೆಕ್ಸ್ ಮಾತ್ರೆ ಒಂದನ್ನು ಪುಡಿ ಮಾಡಿ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಹಾಕಿ, ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಎರಡು ಸಲ ಸೋಸಿ. ಇನ್ನೂ ಹೊಳೆಯಲಿ ಎಂದು ಹತ್ತು ಮಾತ್ರೆ ಹಾಕಿದರೆ ಹೊಳಪು ಮೇಲ್ಮೈಯಲ್ಲೇ ನಿಂತು ಒಳಗೆ ಕತ್ತಲಾಗುತ್ತದೆ. ಬಿಸಿಲಿನಲ್ಲಿ ಬೇಗ ಕೆಡುವ ವಸ್ತು, ಸ್ಟೀಲ್ ಡಬ್ಬದಲ್ಲಿ ಮುಚ್ಚಿಡಿ. ಬೊರಾಕ್ಸ್ ಹಾಕಿದ ಲೋಳೆಗೆ ಬೆರೆಸಬೇಡಿ, ಕ್ಷಾರ ಅದಕ್ಕೆ ಆಗುವುದಿಲ್ಲ.

ಸೊಪ್ಪಿನ ಆಟ ಇದಕ್ಕಿಂತ ವಿಚಿತ್ರ. ಎಳೆಯ ನುಗ್ಗೆ ಸೊಪ್ಪು 50 ಗ್ರಾಂ, ಸರ್ಜಿಕಲ್ ಸ್ಪಿರಿಟ್ 200 ಮಿ.ಲೀ. ಸೊಪ್ಪನ್ನು ಒರಳಿನಲ್ಲಿ ಅರೆದು ಸ್ಪಿರಿಟ್ಟಿಗೆ ಹಾಕಿ, ಕತ್ತಲಲ್ಲಿ ಇಪ್ಪತ್ತು ನಿಮಿಷ ಬಿಟ್ಟು ಸೋಸಿದರೆ ಕಡು ಹಸಿರು ದ್ರವ. ಮಿಕ್ಸಿಯಲ್ಲಿ ಸ್ಪಿರಿಟ್ ತಿರುಗಿಸಬೇಡಿ, ಕಿಡಿ ಸಾಕು ಹೊತ್ತಿಕೊಳ್ಳಲು. ಈ ಹಸಿರಿಗೆ ನೇರಳಾತೀತ ಟಾರ್ಚ್ ಹಿಡಿಯಿರಿ: ಅದು ರಕ್ತದಂತೆ ಕೆಂಪಾಗಿ ಹೊಳೆಯುತ್ತದೆ. ಪತ್ರಹರಿತ್ತು ಹೀರಿಕೊಂಡ ಬೆಳಕನ್ನು ಕೆಂಪಾಗಿ ಹೊರಬಿಡುವುದೇ ಇದಕ್ಕೆ ಕಾರಣ. ಬದುಕಿರುವ ಎಲೆಯಲ್ಲಿ ಆ ಶಕ್ತಿ ಆಹಾರ ತಯಾರಿಕೆಗೆ ಹೋಗುವುದರಿಂದ ಕೆಂಪು ಮಂಕಾಗಿರುತ್ತದೆ. ಡ್ರಿಪ್ ಹಾಕುವ ಸಪೂರ ಕೊಳವೆಗೆ ಸಿರಿಂಜಿನಲ್ಲಿ ಇದನ್ನು ತುಂಬಿ, ಎರಡು ತುದಿಗೂ ಮೇಣಬತ್ತಿಯ ಬಿಸಿ ತಾಗಿಸಿ ಮುಚ್ಚಿ ಎಂದು ಕೆಲವರು ಹೇಳುತ್ತಾರೆ. ಸ್ಪಿರಿಟ್ ಪಕ್ಕ ಬೆಂಕಿ ತರುವುದು ದಡ್ಡತನ, ಗಂಟು ಹಾಕಿ ಬಿಗಿದರೆ ಸಾಕು. ಕೊಳವೆಗಳನ್ನು ಸಿಲಿಕೋನ್ ಚರ್ಮದ ಕೆಳಗೆ ನರದಂತೆ ಹಾಯಿಸಿ. ಸಾದಾ ಬೆಳಕಿನಲ್ಲಿ ಹಸಿರು ಬಳ್ಳಿ, ಟಾರ್ಚ್ ಬಿದ್ದಾಗ ಕೆಂಪು ರಕ್ತನಾಳ, ಒಂದೇ ಟೇಕ್‌ನಲ್ಲಿ, ಗ್ರಾಫಿಕ್ಸ್ ಇಲ್ಲದೆ.

ಹಾಳಾಗುವ ಜಾಗಗಳು ಮೂರು. ದ್ರವ ತೀರಾ ಗಾಢವಾಗಿದ್ದರೆ ತನ್ನ ಕೆಂಪನ್ನು ತಾನೇ ನುಂಗಿಕೊಳ್ಳುತ್ತದೆ, ಕೊಳವೆಯ ಹಿಂದೆ ಹಿಡಿದ ಅಕ್ಷರ ಕಾಣುವಷ್ಟು ತೆಳು ಮಾಡಿ. ಕಣ್ಣಿಗೆ ಕಂಡಷ್ಟು ಕೆಂಪು ಕ್ಯಾಮೆರಾಗೆ ಕಾಣುವುದಿಲ್ಲ, ಯಾಕೆಂದರೆ ಅದರ ಹೊಳಪು 680 ನ್ಯಾನೋಮೀಟರ್ ಸುತ್ತ ಇದೆ, ಸೆನ್ಸರ್ ಮುಂದಿನ ಇನ್‌ಫ್ರಾರೆಡ್ ತಡೆಗಾಜು ಅದರಲ್ಲಿ ಒಂದು ಪಾಲನ್ನು ಕತ್ತರಿಸುತ್ತದೆ. ನಿಮ್ಮ ಕ್ಯಾಮೆರಾದಲ್ಲೇ ಪರೀಕ್ಷೆ ಆಗಬೇಕು. ಮೂರನೆಯದು ಪಂಚೆ. ಡಿಟರ್ಜೆಂಟ್‌ನಲ್ಲಿರುವ ಬ್ರೈಟ್ನರ್‌ನಿಂದಾಗಿ ಬಿಳಿ ಬಟ್ಟೆ ನೇರಳಾತೀತದಲ್ಲಿ ನೀಲಿಯಾಗಿ ಉರಿಯುತ್ತದೆ. ಭಯ ಹುಟ್ಟಬೇಕಾದ ಗಳಿಗೆಯಲ್ಲಿ ಅಜ್ಜನ ಪಂಚೆ ಟ್ಯೂಬ್‌ಲೈಟ್ ಆಗುತ್ತದೆ. ಉಡುಪನ್ನು ಚಹಾ ಕಷಾಯದಲ್ಲಿ ಅದ್ದಿ ಮಂಕು ಮಾಡಿ, ಆಮೇಲೆ ಟಾರ್ಚ್ ಹಿಡಿದು ನೋಡಿ. ಟಾರ್ಚ್ 395 ಬದಲು 365 ನ್ಯಾನೋಮೀಟರ್‌ದು ಕೊಳ್ಳಿ, ನೇರಳೆ ಬೆಳಕು ಚೆಲ್ಲಾಡುವುದಿಲ್ಲ. ಅದರ ಬೆಳಕು ಕಣ್ಣಿಗೆ ಕಾಣದು ಎಂಬುದೇ ಅಪಾಯ. ನಟರ ಮುಖಕ್ಕೆ ನೇರ ಹಿಡಿಯಬೇಡಿ, ಹಿಡಿಯುವವರಿಗೆ ಕನ್ನಡಕ ಕೊಡಿ.

ಲೋಳೆ ಮತ್ತು ರಕ್ತ

ಒಂದು ಲೀಟರ್ ಲೋಳೆಗೆ: ಕ್ಸಾಂಥನ್ ಗಮ್ 8 ಗ್ರಾಂ, ಗ್ಲಿಸರಿನ್ 50 ಮಿ.ಲೀ., ಸೋಡಿಯಂ ಬೆಂಜೊಯೇಟ್ 1 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ. ಗಮ್ ಪುಡಿಯನ್ನು ನೇರ ನೀರಿಗೆ ಹಾಕಿದರೆ ಒಳಗೆ ಒಣಗಿದ ಉಂಡೆಗಳಾಗಿ ಕೂರುತ್ತದೆ, ರಾಗಿ ಮುದ್ದೆ ಗಂಟು ಕಟ್ಟಿದ ಹಾಗೆ. ಮೊದಲು ಗ್ಲಿಸರಿನ್‌ನಲ್ಲಿ ಕದಡಿ, ಆಮೇಲೆ ನೀರನ್ನು ಎಳೆಯಾಗಿ ಬಿಡುತ್ತ ತಿರುಗಿಸಿ, ರಾತ್ರಿಯಿಡೀ ಬಿಟ್ಟು ಗುಳ್ಳೆ ಇಳಿಸಿ. ಬೆಂಜೊಯೇಟ್ ಕೆಲಸ ಮಾಡುವುದು ಹುಳಿಯಲ್ಲಿ ಮಾತ್ರ, ಸಿಟ್ರಿಕ್ ಅದಕ್ಕಾಗಿ. ಎರಡೂ ಇಲ್ಲದಿದ್ದರೆ ಮೂರನೇ ದಿನ ನಾರುತ್ತದೆ. ಈ ಹುಳಿ ಕಣ್ಣಿಗೆ ಉರಿ, ಮುಖದ ಮೇಲೆ ಸುರಿಯುವ ದೃಶ್ಯಕ್ಕೆ ಅದೇ ದಿನ ದಾಸವಾಳ ಸೊಪ್ಪಿನ ಗೊಂಪು ಮಾಡಿಕೊಳ್ಳುವುದೇ ಮೇಲು. ತಲೆಗೆ ಹಚ್ಚುವ ಅದೇ ಗೊಂಪು: ಸೊಪ್ಪನ್ನು ತಣ್ಣೀರಲ್ಲಿ ಕಿವುಚಿ, ಸೋಸಿ, ಅರ್ಧ ದಿನದೊಳಗೆ ಬಳಸಿ.

ಈ ಎರಡೂ ಮಳೆಯಲ್ಲಿ ಒಂದು ನಿಮಿಷ ನಿಲ್ಲುವುದಿಲ್ಲ. ಮಳೆ ದೃಶ್ಯದ ಜೀವಿಗೆ ಬೇರೆ ಲೋಳೆ ಬೇಕು. ಬಣ್ಣ ಹಾಕದ ಸೀಲೆಂಟನ್ನು ಟರ್ಪೆಂಟೈನ್‌ನಲ್ಲಿ ಕರಗಿಸಿ ಕೊನೆಯ ಕೋಟಾಗಿ ಎಳೆದರೆ ಶಾಶ್ವತ ಒದ್ದೆ ಹೊಳಪು ಬರುತ್ತದೆ. ತೊಟ್ಟಿಕ್ಕಬೇಕಾದಲ್ಲಿ ಟ್ರೆಡ್‌ಮಿಲ್‌ಗೆ ಹಾಕುವ ಸಿಲಿಕೋನ್ ಎಣ್ಣೆ. ಎಣ್ಣೆಯನ್ನು ಅದೇ ರಾತ್ರಿ ಸೋಪು ಹಾಕಿ ತೊಳೆಯದಿದ್ದರೆ ಸಿಲಿಕೋನ್ ಚರ್ಮ ಅದನ್ನು ಹೀರಿ ಊದಿಕೊಳ್ಳುತ್ತದೆ. ಲೇಟೆಕ್ಸ್ ಮೇಲೆ ವ್ಯಾಸಲೀನ್, ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕೊಳೆತ ಹಾಗೆ ಮೆತ್ತಗಾಗುತ್ತದೆ. ದಬ್ಬೆ ಹಾಸಿದ ಸಂಕದ ಮೇಲೆ ಸಿಲಿಕೋನ್ ಎಣ್ಣೆ ಒಂದು ಹನಿ ಬಿದ್ದರೂ ದೃಶ್ಯ ನಿಲ್ಲಿಸಿ ಒರೆಸಿ.

ರಕ್ತಕ್ಕೆ ಸಕ್ಕರೆ ಪಾಕ, ಜೇನು ಎನ್ನುವ ಹಳೇ ವಿಧಾನ ಇಲ್ಲಿ ನಡೆಯುವುದಿಲ್ಲ. ಹತ್ತೇ ನಿಮಿಷಕ್ಕೆ ಕಟ್ಟಿರುವೆ ಸಾಲು ಹಿಡಿದು ಬರುತ್ತದೆ, ‘ಶವ’ವಾಗಿ ಮಲಗಿದ ನಟ ಎದ್ದು ಓಡುತ್ತಾನೆ. ಮೇಲಿನ ಲೋಳೆಯನ್ನೇ ಗಮ್ ಅರ್ಧ ಮಾಡಿ, ಕೆಂಪು ಆಹಾರ ಬಣ್ಣ, ಚಿಟಿಕೆ ಕೋಕೋ ಪುಡಿ, ಒಂದು ಹನಿ ನೀಲಿ. ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದರೆ ಬಟ್ಟೆಯಿಂದ ಬಿಡುತ್ತದೆ. ಬಾಯಿಗೆ ಹಾಕುವ ರಕ್ತಕ್ಕೆ ಅದು ಬೇಡ.

ಸೆಟ್ಟಿನಲ್ಲಿ

ಮಳೆ ಕಾಣಬೇಕಾದರೆ ಬೆಳಕು ಮಳೆಯ ಹಿಂದಿನಿಂದ ಬರಬೇಕು, ಅದರಾಚೆ ಕತ್ತಲಿರಬೇಕು. ಎದುರಿನಿಂದ ದೀಪ ಹಾಕಿದರೆ ಎಷ್ಟು ಜಡಿಮಳೆಯಾದರೂ ತೆರೆಯ ಮೇಲೆ ಬರೀ ಮಬ್ಬು. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಷಟರ್ 1/50 ಸೆಕೆಂಡಿಗೆ ಕಟ್ಟಿಹಾಕಿ. 24 ಫ್ರೇಮಿನಲ್ಲಿ ತೆಗೆಯುವುದಿದ್ದರೆ ಷಟರ್ ಕೋನ 172.8 ಡಿಗ್ರಿ. ಇಲ್ಲದಿದ್ದರೆ ಮನೆಯೊಳಗಿನ ದೀಪಗಳು ಮಿಣುಕುತ್ತವೆ, ಭೂತದ ಮನೆಯೇ ಆದರೂ ಅದು ಎಡಿಟಿಂಗ್‌ನಲ್ಲಿ ತಲೆನೋವು. ಗ್ರಾಫಿಕ್ಸಿಗೆ ಹಸಿರು ಪರದೆ ತರಬೇಡಿ. ಇಲ್ಲಿ ನೆಲ, ಮರ, ಕಲ್ಲು, ಗೋಡೆಯ ಪಾಚಿ ಎಲ್ಲವೂ ಹಸಿರು. ನೀಲಿ ಬಟ್ಟೆ ಕಟ್ಟಿ. ಅದಕ್ಕೂ ಮೊದಲು ಅಡಕೆ ಗೊನೆಗಳ ಮೇಲೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ನೀಲಿ ಕಲೆ ಉಳಿದಿದೆಯೇ ನೋಡಿ.

ದೀಪಗಳ ದಾರಿಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ತಾನೇ ಕಡಿದುಕೊಳ್ಳುವ ಸ್ವಿಚ್, ಇರಲೇಬೇಕು. ಒದ್ದೆ ನೆಲ, ಬರಿಗಾಲು, ಜನರೇಟರ್, ಈ ಮೂರು ಒಟ್ಟಿಗಿದ್ದಾಗ ಇದೊಂದೇ ಜೀವ ಉಳಿಸುವುದು. ಕೇಬಲ್ ಜೋಡಣೆಗಳನ್ನು ನೆಲದಲ್ಲಿ ಬಿಡದೆ ಕವೆಕೋಲಿಗೆ ತೂಗುಹಾಕಿ. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾವನ್ನು ಚೀಲ ಬಿಚ್ಚದೆ ಮುಕ್ಕಾಲು ಗಂಟೆ ಹೊರಗಿಡಿ, ಆಮೇಲೆ ಬಿಚ್ಚಿದರೆ ಲೆನ್ಸ್ ಬೆವರುವುದಿಲ್ಲ. ರಾತ್ರಿ ಲೆನ್ಸ್‌ಗಳಿಗೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್. ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು.

ಉಂಬಳಕ್ಕೆ ಮೊಣಕಾಲವರೆಗಿನ ಹೆಣೆ ಬಿಗಿಯಾದ ಕಾಲುಚೀಲ, ಅದರ ಮೇಲೆ ಹೊಗೆಸೊಪ್ಪಿನ ನೀರು ಅಥವಾ ಬಾರ್ ಸೋಪು. ಕಚ್ಚಿದ ಉಂಬಳವನ್ನು ಕಿತ್ತೆಳೆಯದೆ ಉಗುರಿನಿಂದ ಜಾರಿಸಿ. ಅದು ಬಿಟ್ಟ ಮೇಲೂ ರಕ್ತ ಬಹಳ ಹೊತ್ತು ಹರಿಯುವುದು ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ, ಗಾಬರಿ ಬೇಡ. ಮೇಕಪ್ ಮುಗಿಸಿ ಕೂತ ನಟರ ಕಾಲನ್ನು ಅರ್ಧ ಗಂಟೆಗೊಮ್ಮೆ ನೋಡಲು ಒಬ್ಬರನ್ನು ನೇಮಿಸಿ. ಒಣ ತಿಂಗಳಲ್ಲಿ ಕಾಡಂಚಿಗೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಬಂದಮೇಲೆ ಬಿಸಿನೀರು ಸೋಪಿನ ಸ್ನಾನ.

ಮಂಜನ್ನು ನಂಬಬೇಡಿ. ಐದು ನಿಮಿಷದಲ್ಲಿ ಬಂದು ಹೋಗುತ್ತದೆ, ಎರಡು ಶಾಟ್ ನಡುವೆ ಗುಡ್ಡವೇ ಮಾಯವಾಗುತ್ತದೆ. ಅಗಲದ ಶಾಟನ್ನು ನಿಜ ಮಂಜಿನಲ್ಲಿ ತೆಗೆದು, ಹತ್ತಿರದ್ದಕ್ಕೆ ಗ್ಲೈಕಾಲ್ ಹೊಗೆ ಯಂತ್ರ ಬಳಸಿ. ತೆಂಗಿನ ಸಿಪ್ಪೆಯ ಹೊಗೆ ಅಗ್ಗ, ಆದರೆ ಹಳದಿ ಬರುತ್ತದೆ, ಕೆಮ್ಮೂ ಬರುತ್ತದೆ.

ಶಬ್ದ

ತಗಡಿನ ಮಾಡಿನ ಕೆಳಗೆ ಸಂಭಾಷಣೆ ದಾಖಲಿಸುವ ಆಸೆ ಬಿಡಿ. ತಗಡಿನ ಮೇಲೆ ಒಂದು ಗೇಣು ಅಡಕೆ ಸೋಗೆ ಅಥವಾ ಹುಲ್ಲು ಹರಡಿದರೆ ಸದ್ದು ಎಷ್ಟೋ ತಗ್ಗುತ್ತದೆ, ಆದರೂ ಡಬ್ಬಿಂಗ್ ಲೆಕ್ಕ ಬಜೆಟ್ಟಿನಲ್ಲಿರಲಿ. ಮೈಕಿನ ಮೇಲೆ ತೆಂಗಿನ ನಾರಿನ ದಪ್ಪ ಚಾಪೆ ಕಟ್ಟಿದರೆ ಹನಿ ನೇರ ಬಡಿಯುವುದಿಲ್ಲ.

ಜೀವಿಯ ದನಿಗೆ ಹುಲಿ ಸಿಂಹಗಳ ಲೈಬ್ರರಿ ಶಬ್ದ ಬೇಡ, ಎಲ್ಲರಿಗೂ ಗುರುತು ಸಿಗುತ್ತದೆ. ಸಂಜೆಯ ಜೀರುಂಡೆ ಮೇಳವನ್ನು 96 ಕಿಲೋಹರ್ಟ್ಜ್‌ನಲ್ಲಿ ದಾಖಲಿಸಿ ವೇಗವನ್ನು ಕಾಲು ಭಾಗಕ್ಕೆ ಇಳಿಸಿ. ಕೀರಲು ದನಿ ಎರಡು ಸ್ಥಾಯಿ ಕೆಳಗಿಳಿದು ನರಳಿಕೆಯಾಗುತ್ತದೆ. 48ರಲ್ಲಿ ದಾಖಲಿಸಿದ್ದನ್ನು ಇಷ್ಟು ಎಳೆದರೆ ಮೇಲಿನ ಸ್ವರಗಳೇ ಉಳಿಯದೆ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ. ನಸುಕಿನಲ್ಲಿ ಹಳ್ಳದ ಬದಿ ಸಿಳ್ಳಾರ ಹಕ್ಕಿ ಹಾಡುವುದು ಮನುಷ್ಯ ದಾರಿ ತಪ್ಪಿ ಶಿಳ್ಳೆ ಹಾಕಿದಂತೆಯೇ. ಅದನ್ನು ಹಾಗೇ, ಏನೂ ಮಾಡದೆ, ರಾತ್ರಿಯ ದೃಶ್ಯಕ್ಕೆ ಇಡಿ.

ಮಾಂಸ, ಮೂಳೆಗಳಿಗೆ ಅಡುಗೆಮನೆಯ ಹಿತ್ತಲೇ ಸ್ಟುಡಿಯೋ. ಮೂಳೆ ಮುರಿಯಲು ಒಣ ಅಡಕೆ ಹಾಳೆ. ಸ್ನಾಯು ಹರಿಯಲು ಬಾಳೆದಿಂಡನ್ನು ಮೈಕಿನಿಂದ ಒಂದು ಗೇಣು ದೂರದಲ್ಲಿ ನಿಧಾನಕ್ಕೆ ತಿರುಚಿ ಎಳೆಯಿರಿ. ಮೊದಲು ಪಟಪಟ, ಆಮೇಲೆ ನೂಲು ಬಿಚ್ಚುವ ಸಣ್ಣ ಸುಯ್‌ಗುಟ್ಟು. ಹೊಟ್ಟೆ ಸೀಳುವುದಕ್ಕೆ ಹಲಸಿನ ಹಣ್ಣು. ಗಟ್ಟಿ ತೊಳೆಯ ಬಕ್ಕೆ ಹಲಸಾದರೆ ಗಟ್ಟಿಯಾಗಿ ಬಿರಿಯುತ್ತದೆ, ಮೆತ್ತನೆ ತೊಳೆಯ ಅಂಬಲಿ ಹಲಸಾದರೆ ಒದ್ದೆಯಾಗಿ ಜಾರುತ್ತದೆ. ಎರಡನ್ನೂ ಬೇರೆ ಬೇರೆ ದಾಖಲಿಸಿ ಒಂದರ ಹಿಂದೆ ಒಂದು ಜೋಡಿಸಿ. ಹಲಸು ಅದರ ಕಾಲ ಮುಗಿದರೆ ಸಿಗದು, ಆದ್ದರಿಂದ ಈ ಶಬ್ದ ಚಿತ್ರೀಕರಣಕ್ಕೆ ಮೊದಲೇ ನಿಮ್ಮ ಬಳಿ ಇರಬೇಕು. ಕೈಗೆ, ಕತ್ತಿಗೆ, ಮೈಕ್ ಸ್ಟ್ಯಾಂಡಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರಿ, ಇಲ್ಲವೇ ಹಲಸಿನ ಮೇಣ ಒಂದು ವಾರ ನಿಮ್ಮ ಜೊತೆಗಿರುತ್ತದೆ.

ಕೊನೆಯ ಶಾಟ್ ಮುಗಿದೊಡನೆ ಜೀವಿಯನ್ನು ಮೂಲೆಗೆ ಎಸೆಯಬೇಡಿ. ಎಡಿಟಿಂಗ್‌ನಲ್ಲಿ ಎರಡು ಮೂರು ಶಾಟ್ ಕಡಿಮೆ ಬಿದ್ದೇ ಬೀಳುತ್ತವೆ, ಆಗ ಅದೇ ಕೈ ಮತ್ತೆ ಬೇಕು. ಸಿಲಿಕೋನ್ ಭಾಗಗಳನ್ನು ಸೋಪುನೀರಿನಲ್ಲಿ ತೊಳೆದು, ಒರೆಸಿ, ಟಾಲ್ಕಂ ಪುಡಿ ಹಚ್ಚಿ. ಲೇಟೆಕ್ಸನ್ನು ಬಿಸಿಲು ತಾಗದಂತೆ, ತಾಮ್ರದ ಪಾತ್ರೆಗಳಿಂದ ದೂರವಾಗಿ, ಹಳೆ ಪಂಚೆಯಲ್ಲಿ ಸುತ್ತಿ. ಮಡಿಸಬೇಡಿ, ಮಡಿಕೆ ಶಾಶ್ವತವಾಗಿ ಉಳಿಯುತ್ತದೆ. ಅಟ್ಟದಲ್ಲಿ ತೂಗುಹಾಕುವುದಿದ್ದರೆ ಮನೆಯವರಿಗೆ ಮೊದಲೇ ಹೇಳಿಡಿ.